ಹೆಸರು ಹೇಳಿದರೆ ಹತ್ತು ಅಂಕ

ಅತ್ತೆಯವರು ಮನೆಯಲ್ಲಿದ್ದರೆ ದಿನಕ್ಕೊಂದು ಪ್ರಸಂಗ ಖಾತ್ರಿ. ಮಗಳಿಗೆ ರಜೆಯೂ ಇದ್ದರೆ ಎರಡು.

ನಾವು ವರ್ಗವಾಗಿ ನಾಸಿಕಕ್ಕೆ ಬಂದು ಹನ್ನೊಂದು ವರ್ಷವಾಯಿತು. ಅತ್ತೆ, ಮಾವ ಬೀದರದಲ್ಲಿ ಮೈದುನನ ಜೊತೆ ಇದ್ದಾರೆ. ಅತ್ತೆಯವರು ಇಲ್ಲಿಗೆ ಬಂದ ಮೂರನೆಯ ದಿನಕ್ಕೇ, "ಸೋಮವಾರ ಹೋಗ್ತೀನಿ ನೋಡವ್ವ, ಇಲ್ಲಿ ನಂಗ ಮಾತಿಗಿ ಯಾರದಾರ?" ಎನ್ನುತ್ತಾರೆ. ಅವರ ತಪ್ಪೇನೂ ಇಲ್ಲ. ಆರನೆಯ ತರಗತಿಯ ನನ್ನ ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಂದ ಬರುವುದು ಮಾತ್ರ ಮರಾಠಿ.

ಈ ಸಲ ಶ್ರಾವಣದಲ್ಲಿ ಬಂದಾಗ, ಅಜ್ಜಿಯನ್ನು ದಸರೆಯ ತನಕ ಬಿಡಬಾರದೆಂದು ಮಗಳು ಹಟ ತೊಟ್ಟಳು. ಅದಕ್ಕಾಗಿ ತಾನೇ ಇಸ್ಪೀಟಿನಂಥ ಒಂದು ಎಲೆಯಾಟ ಹುಟ್ಟಿಸಿದಳು. ಒಂದೊಂದು ಎಲೆಯ ಮೇಲೆ ನಮ್ಮವರಲ್ಲಿ ಒಬ್ಬರ ಚಿತ್ರ, ಹೆಸರು, ಹತ್ತರೊಳಗೆ ಅಂಕ. ಎಲೆ ಇಳಿಸುವಾಗ ಅದರಲ್ಲಿರುವ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಹೇಳದಿದ್ದರೆ ಅಂಕವಿಲ್ಲ. ಹೆಚ್ಚು ಅಂಕದವರು ಗೆದ್ದಂತೆ.

೧. ದಾರಿ

ಎಲೆಗೆ ದಪ್ಪ ಕಾಗದ ಬೇಕಲ್ಲ. ಕಪಾಟಿನ ಮೇಲಿದ್ದ ಆಮಂತ್ರಣ ಪತ್ರಿಕೆಗಳ ಕಟ್ಟನ್ನು ಮಗಳು ಸಮನಾಗಿ ಕತ್ತರಿಸಿದಳು. ಎಲ್ಲ ಮುಗಿದುಹೋದ ಕಾರ್ಯಗಳವು ಎಂದು ನಾನೂ ಸುಮ್ಮನಿದ್ದೆ. ಅದರಲ್ಲೊಂದು ಮುಗಿದಿರಲಿಲ್ಲ. ನಮ್ಮ ಮನೆಯವರ ಸಹೋದ್ಯೋಗಿ ಸಂಭಾಜಿನಗರದಲ್ಲಿ ಕಟ್ಟಿಸಿದ ಹೊಸ ಮನೆಯ ವಾಸ್ತುಶಾಂತಿ ಬರುವ ಭಾನುವಾರ ಇತ್ತು. ಮನೆಗೆ ಹೋಗುವ ದಾರಿಯ ನಕ್ಷೆ ಅದೇ ಪತ್ರಿಕೆಯಲ್ಲಿತ್ತು. ಈಗ ಅದು ಆರು ಎಲೆಗಳ ಬೆನ್ನಿಗೆ ಹಂಚಿಹೋಗಿತ್ತು.

ಎಲೆಗಳನ್ನೆಲ್ಲ ಹಿಡಿದುಕೊಂಡೇ ಕಾರು ಹತ್ತಿದೆವು. ಹಿಂದಿನ ಸೀಟಿನಲ್ಲಿ ಅಜ್ಜಿ ಮೊಮ್ಮಗಳ ಆಟ ನಡೆದಿತ್ತು. ಸಂಭಾಜಿನಗರ ಸೇರಿ, ದೊಡ್ಡ ರಸ್ತೆಯಿಂದ ಯಾವ ಕಡೆ ತಿರುಗಬೇಕೆಂದು ನೋಡಿದರೆ ಆ ತುಂಡು ಅತ್ತೆಯವರ ಕೈಯಲ್ಲಿ. ಸಹೋದ್ಯೋಗಿ ಪೂಜೆಗೆ ಕೂತು ಫೋನ್ ಬಂದ್ ಮಾಡಿದ್ದರು. ನಮ್ಮ ಮನೆಯವರು ಕೈ ಚಾಚಿ ಎಲೆ ಕೇಳಿದರು.

"ಆಟದ ನಡುವ ಎಲಿ ತೋರಸಾಕ ಬರೂದಿಲ್ಲ," ಎಂದು ಅತ್ತೆಯವರು ಎಲೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಎರಡು ಕಿಲೋಮೀಟರ್ ಮುಂದೆ ಹೋದ ಮೇಲೆ ಅವರು ಆ ಎಲೆ ಇಳಿಸಿ ಗೆದ್ದರು, ನಮಗೆ ದಾರಿ ಸಿಕ್ಕಿತು.

೨. ದೇವರ ಎಲೆ

ವಾಪಸು ಬರುವಾಗ ದಾರಿಯ ವೇರೂಳದಲ್ಲಿ ಜ್ಯೋತಿರ್ಲಿಂಗ ಘೃಷ್ಣೇಶ್ವರನ ದರ್ಶನವಾಯಿತು. ಮನೆಗೆ ಬಂದದ್ದೇ ಅತ್ತೆಯವರು ಕತ್ತರಿ ಕೇಳಿದರು. ತಾವೇ ಒಂದು ಎಲೆ ಮಾಡಿ, ಲಿಂಗದ ಚಿತ್ರ ಬರೆದು, ಪಕ್ಕದಲ್ಲಿ ನೂರು ಎಂದು ಹಾಕಿದರು. ಹತ್ತಕ್ಕಿಂತ ಮೇಲೆ ಅಂಕವಿಲ್ಲ ಎಂದು ಮಗಳು ತಕರಾರು ತೆಗೆದಳು. ಶಿವನಿಗೆ ಹತ್ತು ಅಂಕ ಕೊಡುವ ಧೈರ್ಯ ನಿನಗಿದೆಯೇ ಎಂದು ಅತ್ತೆಯವರು ಕೇಳಿದ ಮೇಲೆ ತಕರಾರು ವಾಪಸು ತೆಗೆದುಕೊಂಡಳು.

ಆದರೆ ಆಡುವುದು ನೆಲದ ಮೇಲೆ. ನಾಲ್ಕು ಜನ ಓಡಾಡುವ ಜಾಗದಲ್ಲಿ ದೇವರನ್ನು ಇಳಿಸುವುದು ಹೇಗೆ? ಎಲೆ ದೇವರ ಜಗುಲಿ ಸೇರಿತು. ಅತ್ತೆಯವರು ಕೂತಲ್ಲಿಂದಲೇ ಜಗುಲಿಯ ಕಡೆ ಕೈ ಮುಗಿದು ನೂರು ಅಂಕ ತೆಗೆದುಕೊಳ್ಳತೊಡಗಿದರು. ಮೂರು ದಿನ ಸೋತ ಮೇಲೆ ಮಗಳು ಹೊಸ ನಿಯಮ ತಂದಳು: ಜಗುಲಿಯ ಮೇಲಿರುವ ದೇವರು ಎಲ್ಲರಿಗೂ ಸೇರಿದವನು, ಎಲ್ಲರಿಗೂ ನೂರು.

ಅತ್ತೆಯವರು ಒಪ್ಪಿದರು. "ಅಂಕ ಎಲ್ಲಾರಿಗಿ ಇರಲಿ, ಪುಣ್ಯ ನಂದಽ," ಎಂದರು.

೩. ಅರ್ಜಿ

ನಮ್ಮ ಮನೆಯವರ ಎಲೆಗೆ ಮಗಳು ಕೊಟ್ಟದ್ದು ನಾಲ್ಕು ಅಂಕ. ಮಗಳು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಮೇಲಿನ ಮನೆಯಾಕೆಗೆ ಒಂಬತ್ತು. ಕಾಕು ಒಂದು ಫೋನ್ ಮಾಡಿದರೆ ಲಿಫ್ಟ್ ರಿಪೇರಿಯವನು ಬರುತ್ತಾನೆ, ಅಪ್ಪ ಹತ್ತು ಮಾಡಿದರೂ ಬರುವುದಿಲ್ಲ ಎಂಬುದು ಮಗಳ ಲೆಕ್ಕ. ಕೇಂದ್ರ ಸರ್ಕಾರದ ನೌಕರನಿಗೆ ನಾಲ್ಕೇ ಎಂದು ಇವರು ಕೇಳಿದರು. ಬರೆದು ಕೊಡಿ ಎಂದಳು. ಇವರು ನಿಜವಾಗಿಯೂ ಅರ್ಜಿ ಬರೆದರು, ಅಭ್ಯಾಸಬಲದಿಂದ ಮೂರು ಪ್ರತಿ. ಮಗಳು ಮೂಲೆಯಲ್ಲಿ ಕೆಂಪು ಪೆನ್ನಿನಿಂದ "ವಿಚಾರಾಧೀನ" ಎಂದು ಬರೆದು ಇಟ್ಟುಕೊಂಡಳು.

ವಾರ ಬಿಟ್ಟು ವಿಚಾರಿಸಿದಾಗ, ಸಂಬಂಧಪಟ್ಟವರು ರಜೆಯಲ್ಲಿದ್ದಾರೆ ಎಂಬ ಉತ್ತರ ಬಂತು. ಇವರು ಎದ್ದು ಹೋದರು. ಅದು ಕಚೇರಿಯಲ್ಲಿ ಇವರದೇ ಮಾತು.

೪. ಒಡಪು

ಅದೇ ವಾರ ಕಾಕುವಿನ ಮನೆಯಲ್ಲಿ ಮಂಗಳಾಗೌರಿ. ಒಡಪು ಕಟ್ಟಿ ಗಂಡನ ಹೆಸರು ಹೇಳುವ ಪದ್ಧತಿ ಮರಾಠಿಯವರಲ್ಲೂ ಇದೆ, ನಮ್ಮಲ್ಲೂ ಇದೆ. ಬರೀ ಹೆಸರು ಹೇಳಿದರೆ ತಪ್ಪು, ಪ್ರಾಸದೊಳಗೆ ಸೇರಿಸಿದರೆ ಸರಿ. ಅತ್ತೆಯವರು ಕೇಳುವ ಮೊದಲೇ ಎದ್ದು ನಿಂತರು.

"ಬೀದರದ ಕೋಟಿ, ನಾಸಿಕದ ದ್ರಾಕ್ಷಿ,
––– ಅವರ ಹೆಸರ ಹೇಳ್ತೀನಿ, ನೀವೆಲ್ಲಾ ಸಾಕ್ಷಿ."

ಗೆರೆ ಎಳೆದ ಜಾಗದಲ್ಲಿರುವುದು ಮಾವನವರ ಹೆಸರು. ಸೊಸೆ ನಾನು, ಬರೆಯುವ ಹಾಗಿಲ್ಲ. ಒಂದಕ್ಕೇ ನಿಲ್ಲಿಸದೆ ಅತ್ತೆಯವರು ಸಾಲಾಗಿ ನಾಲ್ಕು ಒಡಪು ಹೇಳಿದರು. ಒಂದಕ್ಷರ ತಿಳಿಯದಿದ್ದರೂ ಹೆಂಗಸರು ಚಪ್ಪಾಳೆ ತಟ್ಟಿದರು. ಐದನೆಯದು ಶುರುವಾಗುವಷ್ಟರಲ್ಲಿ ಕಾಕು ಊಟಕ್ಕೆ ಕರೆದರು.

೫. ಕೊನೆಯ ಎಲೆ

ಇಷ್ಟೆಲ್ಲ ಆದರೂ ಅತ್ತೆಯವರು ಸೋಮವಾರ ಹೋಗುವ ಮಾತು ಬಿಡಲಿಲ್ಲ. ಭಾನುವಾರ ಮಗಳು ಕಣ್ಣೊರೆಸಿಕೊಂಡು ಬಂದು ಪಣ ಹೂಡಿದಳು. ಒಂದೇ ಆಟ. ಅಜ್ಜಿ ಗೆದ್ದರೆ ಅಪ್ಪ ನಾಳೆಯ ಟಿಕೆಟ್ ತೆಗೆಸಬೇಕು. ಸೋತರೆ ಅಜ್ಜಿ ದಸರೆಯ ತನಕ ಇರಬೇಕು. ಅತ್ತೆಯವರು ಹೂಂ ಎಂದರು.

ಆಟ ಸಮಸಮವಾಗಿ ಬಂದು ಇಬ್ಬರ ಕೈಯಲ್ಲೂ ಒಂದೊಂದೇ ಎಲೆ ಉಳಿಯಿತು. ಮಗಳು ಕಾಕುವಿನ ಎಲೆ ಇಳಿಸಿದಳು, ಒಂಬತ್ತು. ಅತ್ತೆಯವರ ಹಿಂದೆ ಕೂತ ನನಗೆ ಅವರ ಎಲೆ ಕಾಣುತ್ತಿತ್ತು: ಮಾವನವರು, ಹತ್ತು. ಹೆಸರು ಹೇಳಿದರೆ ಮುಗಿಯಿತು, ನಾಳೆ ಬೀದರ.

ಅತ್ತೆಯವರು ಎಲೆ ಇಳಿಸಿ ಸುಮ್ಮನೆ ಕೂತರು. ಮಗಳು ಗಾಬರಿಯಲ್ಲೂ ನ್ಯಾಯ ಬಿಡಲಿಲ್ಲ. ಒಡಪಿನಲ್ಲಿ ಹೇಳಿದರೂ ನಡೆಯುತ್ತದೆ ಎಂದಳು.

"ಒಡಪ ಒಂದೂ ನೆನಪಿಲ್ಲವ್ವ," ಎಂದರು ಅತ್ತೆಯವರು. "ಮರತೀನಿ."

ಅವರ ಮೇಲೆ ನನಗೆ ಅಂದು ಬಂದಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಮಗಳು ಕುಣಿದಾಡಿ ಬೀದರಕ್ಕೆ ಫೋನ್ ಹಚ್ಚಿದಳು. ಅಜ್ಜಿಗೆ ನಿಮ್ಮ ಹೆಸರೇ ನೆನಪಿಲ್ಲವಂತೆ, ಆದ್ದರಿಂದ ದಸರೆಯ ತನಕ ಬರುವುದಿಲ್ಲ ಎಂದು ಅಜ್ಜನಿಗೆ ಮರಾಠಿಯಲ್ಲಿ ವರದಿ ಒಪ್ಪಿಸಿದಳು. ಆ ಕಡೆಯಿಂದ ಮಾವನವರು ಹೂಂ ಎಂದರು. ಆಮೇಲೆ ಫೋನ್ ಇಟ್ಟರು.

ಬುಧವಾರ ಬೆಳಿಗ್ಗೆ ಬಾಗಿಲು ತೆರೆದರೆ ಮಾವನವರು ಚೀಲ ಹಿಡಿದು ನಿಂತಿದ್ದಾರೆ.

"ಹೆಸರು ಮರತಾಳಂತ," ಎಂದರು. "ನೆನಪ ಮಾಡಿಕೊಟ್ಟು ಹೋಗೂಣಂತ ಬಂದೀನಿ."

ಅತ್ತೆಯವರು ನೀರು ತಂದುಕೊಟ್ಟು ಮುಖ ತೋರಿಸದೆ ಒಳಗೆ ಹೋದರು. ಸಂಜೆ ಮಗಳು ಅಜ್ಜನನ್ನೂ ಆಟಕ್ಕೆ ಕೂಡಿಸಿಕೊಂಡು ನಿಯಮ, ಪಣ ಎಲ್ಲ ತಿಳಿಸಿದಳು. ಕೊನೆಗೆ ಅವರ ಕೈಯಲ್ಲಿ ಉಳಿದ ಎಲೆ ಅತ್ತೆಯವರದು. ಮದುವೆಯಾದಾಗಿನಿಂದ "ಇಕಿ" ಎಂದಲ್ಲದೆ ಅತ್ತೆಯವರ ಹೆಸರು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ.

ಮಾವನವರು ಎಲೆ ನೋಡಿದರು, ಎದುರಿಗೆ ಕೂತ ಅತ್ತೆಯವರನ್ನು ನೋಡಿದರು, ಎಲೆಯನ್ನು ಮೆಲ್ಲಗೆ ಬೋರಲು ಹಾಕಿದರು.

"ನಾ ಸೋತೆ," ಎಂದರು ಮೊಮ್ಮಗಳಿಗೆ. "ಸೋತವರು ದಸರಾ ತನಕ ಇಲ್ಲೇ ಇರಬೇಕಲ್ಲಾ?"