ಮುಚ್ಚಳದ ಒಳಮೈ

ಈ ಭಾನುವಾರ ನೆಂಟರ ವಾಟ್ಸಾಪ್ ಗುಂಪನ್ನು ಬೆಚ್ಚಿಬೀಳಿಸಿಯೇ ತೀರುವೆನೆಂದು ತಿರುಪಣ್ಣನವರು ಹಲ್ಲುಜ್ಜುತ್ತಲೇ ಪಣ ತೊಟ್ಟರು.

ತಿರುಪಣ್ಣ ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ಬಾಟಲಿಗಳಿಗೆ ಮುಚ್ಚಳ ಮಾಡುವ ಆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವರದು ಒಂದೇ ಉದ್ಯೋಗ: ಮುಚ್ಚಳ ತಿರುಗಿಸುವುದು, ತೆಗೆಯುವುದು, ಅಂಗಾತ ಮಾಡಿ ಒಳಮೈ ನೋಡುವುದು, 'ಪಾಸ್' ಅನ್ನುವುದು. ಮನೆಯಲ್ಲೂ ಕೈ ಸುಮ್ಮನಿರುತ್ತಿರಲಿಲ್ಲ. ಪ್ರತಿ ಭಾನುವಾರ ಆ ವಾರ ತಂದ ದಿನಸಿಯನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಫೋಟೊ ತೆಗೆದು, 'ಈ ವಾರದ ನನ್ನ ಆಯ್ಕೆ' ಎಂದು ಗುಂಪಿಗೆ ಹಾಕುತ್ತಿದ್ದರು. 'ಜೇನುತುಪ್ಪ: ಒಂದೂಕಾಲು ಸುತ್ತಿಗೆ ಬಿಗಿ. ಸೋರಿಕೆ ಇಲ್ಲ. ಉಪ್ಪಿನ ಡಬ್ಬಿ: ಮುಚ್ಚಳ ಸಡಿಲ, ಎಚ್ಚರ.' ಪಾಪ, ನಾದಿನಿ ಒಬ್ಬಳೇ ಹೆಬ್ಬೆರಳು ಎತ್ತುತ್ತಿದ್ದಳು. ಉಳಿದವರು ಅದನ್ನೂ ಎತ್ತುತ್ತಿರಲಿಲ್ಲ.

"ರುಚಿ ಹೇಗಿದೆ ಅಂತ ಒಂದು ದಿನವಾದ್ರೂ ಬರೆದಿದ್ದೀರಾ? ಮುಚ್ಚಳ ಯಾರು ತಿಂತಾರೆ?" ಎಂದು ಹೆಂಡತಿ ಕೇಳಿದ್ದು ಅವರ ಎದೆಗೆ ನಾಟಿತ್ತು.

ಅವತ್ತು ಮಾವನವರ ಎಂಬತ್ತನೆಯ ಹುಟ್ಟುಹಬ್ಬ. ಒಂದು ಗಂಟೆಗೆ ಹದಿನೆಂಟು ಜನರ ಊಟ. ಮಾವನವರು ಮಗಳ ಮನೆಗೆ ಬರುವುದೇ ಅವಳು ಹುರಿಯುವ ಆಲೂಗಡ್ಡೆಗಾಗಿ. "ಅಕ್ಕಾ, ಇದಕ್ಕೆ ಏನು ಹಾಕ್ತೀಯೆ?" ಎಂದು ನಾದಿನಿ ಹನ್ನೆರಡು ವರ್ಷದಿಂದ ಕೇಳುತ್ತಿದ್ದಳು. "ಹಾಕೋದೇನೂ ಇಲ್ಲ ಕಣೆ, ಕೈ ಇರ್ಬೇಕು" ಎಂದು ಅಕ್ಕ ಹನ್ನೆರಡು ವರ್ಷದಿಂದ ಹೇಳುತ್ತಿದ್ದಳು. ಆ ಕೈಯ ಮೇಲೆ ಅವಳಿಗಿದ್ದ ಹೆಮ್ಮೆ ಸಣ್ಣದಲ್ಲ.

ಹೆಂಡತಿ ಸ್ನಾನಕ್ಕೆ ಹೋದ ಹೊತ್ತಿಗೆ ತಿರುಪಣ್ಣನವರ ಕಣ್ಣಿಗೆ ಅಕ್ಕಿ ಡಬ್ಬದ ಹಿಂದೆ ಅಡಗಿದ್ದ ಒಂದು ಪುಟ್ಟ ಸೀಸೆ ಬಿತ್ತು. ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಮುಚ್ಚಳವೋ, ಬೆಣ್ಣೆಯ ಹಾಗೆ ತಿರುಗಿತು. ಒಳಗಿನ ಪುಡಿಗೆ ಬೆರಳದ್ದಿ ನೆಕ್ಕಿದರು. ಹುರಿದ ಬೆಳ್ಳುಳ್ಳಿ, ಜೊತೆಗೆ ಇನ್ನೂ ಏನೇನೋ. ಎಲ್ಲೋ ತಿಂದ ರುಚಿ. ಎಲ್ಲಿ ಎಂದು ಯೋಚಿಸುವ ಮೊದಲೇ ಕೈ ತನ್ನ ಚಾಳಿಯಂತೆ ಮುಚ್ಚಳವನ್ನು ಅಂಗಾತ ಮಾಡಿತ್ತು. ಒಳಮೈಯಲ್ಲಿ ಅಂಗಡಿಯ ಮೊಹರು, ವಿಳಾಸ ಸಮೇತ! ಲೋಕದಲ್ಲಿ ಬೇರೆ ಯಾವ ಗಂಡನೂ ಅಲ್ಲಿ ನೋಡುತ್ತಿರಲಿಲ್ಲ.

ಪುಡಿಯನ್ನೆಲ್ಲ ಬಿಳಿ ತಟ್ಟೆಗೆ ಸುರಿದು ಫೋಟೊ ತೆಗೆದು ಗುಂಪಿಗೆ ಬರೆದು ಹಾಕಿದರು: 'ವರ್ಷದ ಶೋಧ. ಗಡಿಯಾರ ರಿಪೇರಿಯವನ ಪಕ್ಕದ ಸಂದಿ, ಅಜ್ಜಿಯ ಅಂಗಡಿ. ರುಚಿ ಅಮೋಘ. ಮುಚ್ಚಳವೂ ಪಾಸ್.' ಇನ್ನೊಂದು ಫೋಟೊಗೆ ಬೆಳಕು ಸಾಲದು ಎನಿಸಿ ಸ್ವಿಚ್ ಒತ್ತಿದರು. ತಿರುಗಿದ್ದು ಫ್ಯಾನು.

ಪುಡಿ ಪರದೆ ಸೇರಿತು, ಕ್ಯಾಲೆಂಡರ್ ಸೇರಿತು, ಫ್ಯಾನಿನ ರೆಕ್ಕೆ ಸೇರಿತು, ಉಳಿದದ್ದು ಅವರ ಮೀಸೆ ಸೇರಿತು. ಅತ್ತ ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ಅರ್ಧ ಗಂಟೆಯಲ್ಲಿ ಗುಂಪಿನಲ್ಲೇ ನಾದಿನಿಯ ಸಂದೇಶ ಬಂತು: 'ಭಾವಾ, ರುಚಿ ನೋಡಿದೆ. ಅಕ್ಕನ ಕೈ ಅಂಗಡಿಯಲ್ಲಿ ಸಿಗುತ್ತೆ ಅಂತ ಗೊತ್ತೇ ಇರ್ಲಿಲ್ಲ. ನಾಲ್ಕು ಸೀಸೆ ತಗೊಂಡೆ.'

ಆಗ ಗೊತ್ತಾಯಿತು, ಆ ರುಚಿ ಎಲ್ಲಿಯದೆಂದು. ತಿರುಪಣ್ಣನವರು ಖಾಲಿ ಸೀಸೆಗೆ ಮುಚ್ಚಳ ಹಾಕಿ ಬಿಗಿ ಮಾಡಿದರು.

ಹೆಂಡತಿ ತಲೆ ಒರೆಸುತ್ತ ಬಂದು ಒಮ್ಮೆ ಗಾಳಿ ಮೂಸಿದಳು.

"ಸೀಸೆ ಎಲ್ಲಿ?"

"ಸೀಸೆ ಇದೆ."

"ಒಳಗಿದ್ದದ್ದು?"

ಅವರು ಮೇಲಕ್ಕೆ ಬೆರಳು ತೋರಿಸಿದರು. ಆಮೇಲೆ ಫೋನನ್ನೂ ತೋರಿಸಬೇಕಾಯಿತು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಬದುಕಿಕೊಳ್ಳುತ್ತಿದ್ದರು.

"ಎಲ್ಲರಿಗೂ ಗೊತ್ತಾಯ್ತು. ಫೋನ್ ಇಲ್ಲದವರು ಅಂದ್ರೆ ಅಪ್ಪ ಒಬ್ರೇ. ಅವರ ಬಾಯಲ್ಲಾದ್ರೂ ನನ್ನ ಮಾನ ಉಳೀಬೇಕು. ಪುಡಿ ತಗೊಂಡೇ ಒಳಗೆ ಬನ್ನಿ."

ಅಂಗಡಿಯ ಮುಂದೆ ಸಾಲು ಸಂದಿಯ ತುದಿ ಮುಟ್ಟಿತ್ತು.

"ಖಾಲಿ" ಎಂದಳು ಅಜ್ಜಿ. "ತಿಂಗಳಿಗೆ ನಲವತ್ತು ಸೀಸೆ ಮಾಡ್ತೀನಿ. ಒಂದು ಗಂಟೇಲಿ ಹೋಯ್ತು. ಯಾರೋ ಮುಚ್ಚಳದ ಪಂಡಿತ ಬರೆದು ಹಾಕಿದ್ದಾನಂತೆ. ಸಿಕ್ಕಿದ್ರೆ ಒಂದು ಮಾತು ಹೇಳ್ಬೇಕು."

"ಏನು ಮಾತು?"

ಅಜ್ಜಿ ಅವರ ಮೀಸೆಯನ್ನೇ ನೋಡಿದಳು. ತಿರುಪಣ್ಣನವರು ಮಾತಿಗೆ ಕಾಯಲಿಲ್ಲ.

ಅಲ್ಲಿಂದ ನೇರ ನಾದಿನಿಯ ಮನೆಗೆ ಹೋದರೆ ಅವಳು ಬಾಗಿಲಲ್ಲೇ ನಿಂತಿದ್ದಳು. "ಬನ್ನಿ ಭಾವ, ನಿಮ್ಮನ್ನೇ ಕಾಯ್ತಿದ್ದೆ. ಒಂದು ಸೀಸೆ ಕೊಡ್ತೀನಿ. ಎಲ್ಲಿ ಸಿಕ್ತು ಅಂತ ಅಕ್ಕ ಕೇಳಿದ್ರೆ, 'ಸಿಗೋದೇನೂ ಇಲ್ಲ, ಕೈ ಇರ್ಬೇಕು' ಅಂತ ಹೇಳ್ಬೇಕು. ಒಪ್ಪಿಗೆನಾ?"

ಒಪ್ಪದೆ ಏನು ಮಾಡಿಯಾರು? ಮನೆಗೆ ಬಂದು ಅಕ್ಷರ ಬಿಡದೆ ಒಪ್ಪಿಸಿದರು. ಹೆಂಡತಿ ಸೀಸೆ ಕಿತ್ತುಕೊಂಡು ಒಲೆಯ ಕಡೆ ತಿರುಗಿದಳು.

ಊಟಕ್ಕೆ ಕೂತ ಮಾವನವರು ಆಲೂಗಡ್ಡೆ ಬಾಯಿಗಿಟ್ಟು ಕಣ್ಣು ಮುಚ್ಚಿದರು. "ನಿನ್ನ ಕೈಗೆ ಸಾಟಿ ಇಲ್ಲ ಮಗಳೇ." ಮಿಕ್ಕವರೆಲ್ಲ ತಟ್ಟೆ ನೋಡಿಕೊಂಡರು. ನಾದಿನಿ ಕೆಮ್ಮಿದಳು. ಅಕ್ಕ ಅವಳಿಗೆ ಕೇಳದೆಯೇ ಇನ್ನೆರಡು ಚಮಚ ಬಡಿಸಿದಳು.

"ಯಾಕೋ ಸೆಕೆ" ಎಂದರು ಮಾವನವರು. "ಫ್ಯಾನ್ ಹಾಕ್ರಪ್ಪ."

"ಬೇಡ!" ಎಂದು ಗಂಡ ಹೆಂಡತಿ ಒಂದೇ ಉಸಿರಿಗೆ ಕೂಗಿದರು. ಹದಿನೆಂಟು ವರ್ಷದ ಸಂಸಾರದಲ್ಲಿ ಇಬ್ಬರ ಮಾತು ಕೂಡಿಬಂದದ್ದು ಅದೇ ಮೊದಲು.

ಎಲ್ಲರೂ ಹೋದ ಮೇಲೆ ಹೆಂಡತಿ ಉಳಿದ ಪುಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಬಾಯಿ ತಿರುಚಿ ರಬ್ಬರ್ ಬ್ಯಾಂಡ್ ಹಾಕಿದಳು. ತಿರುಪಣ್ಣನವರು ಸೀಸೆಯತ್ತ ಕೈ ಚಾಚಿದರು.

"ಸೀಸೆಯಲ್ಲೇ ಇರಲಿ ಬಿಡೆ. ಅಷ್ಟು ಒಳ್ಳೆ ಮುಚ್ಚಳ."

ಅವಳು ಖಾಲಿ ಸೀಸೆಯನ್ನು ಮುಚ್ಚಳ ಸಮೇತ ಅವರ ಕೈಗಿಟ್ಟಳು.

"ನೀವೇ ಇಟ್ಕೊಳ್ಳಿ. ರಬ್ಬರ್ ಬ್ಯಾಂಡಿಗೆ ಒಳಮೈ ಇರಲ್ಲ."