ನಂಜುಂಡಪ್ಪನವರ ಟ್ಯಾಂಕಿನ ಕೆಳಗಿನ ಪಕ್ಷಿ

‘ಗೊತ್ತಿಲ್ಲ’ ಎನ್ನುವ ಮಾತು ಬಾಯಿಂದ ಹೊರಡುವುದು ಎಷ್ಟು ಕಷ್ಟ ಎಂಬುದು, ಬಡಾವಣೆಯಲ್ಲಿ ಒಮ್ಮೆ ‘ತಿಳಿದವರು’ ಅನ್ನಿಸಿಕೊಂಡವರಿಗೇ ಗೊತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಬೆಂಗಳೂರಿನ ಚಿಕ್ಕಲಸಂದ್ರದಲ್ಲಿದ್ದಾಗ ನನಗೆ ಈ ಪಟ್ಟ ಬಂದದ್ದು ಒಂದು ಬೈನಾಕ್ಯುಲರ್‌ನ ದೆಸೆಯಿಂದ. ಸುತ್ತಮುತ್ತ ಕಂಡ ಹಕ್ಕಿಗಳನ್ನು ಗುರುತಿಸಿ ವರದಿ ಕೊಡುವ ಸ್ವಯಂಸೇವಕರ ಗುಂಪೊಂದಕ್ಕೆ ನಾನು ಸೇರಿದ್ದೆ. ಮೊದಮೊದಲು ನಾನು ತಾರಸಿಗೆ ಬಂದರೆ ಸಾಕು, ಎದುರು ಮನೆಯವರು ದಡಬಡನೆ ಕಿಟಕಿ ಹಾಕಿಕೊಳ್ಳುತ್ತಿದ್ದರು. ನನ್ನ ಹೆಂಡತಿ ವಿಮಲಾ ಮನೆಮನೆಗೂ ಹೋಗಿ, “ಇವ್ರು ನೋಡೋದು ಬರೀ ಹಕ್ಕಿಗಳನ್ನ ಕಣ್ರೀ” ಎಂದು ಜಾಮೀನು ಕೊಟ್ಟು ಬಂದ ಮೇಲೆ ಕಿಟಕಿಗಳು ತೆರೆದವು. ಜೊತೆಗೆ ನಮ್ಮ ಗೇಟೂ ತೆರೆಯಿತು. ಓತಿಕ್ಯಾತ, ಜರಿ, ಏನು ಕಂಡರೂ “ಸಾರ್, ಇದೇನು ಸ್ವಲ್ಪ ನೋಡಿ” ಎಂದು ಜನ ಬರತೊಡಗಿದರು. ನನಗೋ ಕಾಗೆ, ಗಿಳಿ, ಮೈನಾ, ಹದ್ದು ಬಿಟ್ಟರೆ ಲೋಕದಲ್ಲಿ ಉಳಿದಿದ್ದದ್ದು ಎರಡೇ ಜಾತಿ: ಸಣ್ಣ ಕಂದು ಹಕ್ಕಿ, ದೊಡ್ಡ ಕಂದು ಹಕ್ಕಿ. ಗುಂಪನ್ನು ನಡೆಸುತ್ತಿದ್ದ ನಿವೃತ್ತ ಟೀಚರ್ ಇಂದಿರಮ್ಮನವರು, “ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ್ಲೇ ಬರೀರಿ, ನಾಚ್ಕೆ ಏನಿಲ್ಲ” ಎನ್ನುತ್ತಿದ್ದರು. ಅವರಿಗೆ ಇರಲಿಲ್ಲ, ನನಗಿತ್ತು. ಹಾಗಾಗಿ ಕೇಳಿದವರಿಗೆಲ್ಲ ಬಾಯಿಗೆ ಬಂದ ಹೆಸರು ಹೇಳಿ ಕಳಿಸುತ್ತಿದ್ದೆ.

ಒಂದು ಸಂಜೆ ಪಕ್ಕದ ಮನೆಯ ನಂಜುಂಡಪ್ಪನವರು ಹೇಳಿ ಕಳಿಸಿದರು. ಚಿಕ್ಕಲಸಂದ್ರ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದವರು ಅವರು. ಅವರ ಮಹಡಿ ಮನೆಯಲ್ಲಿ ಬಾಡಿಗೆಗಿದ್ದವರು ಗದಗದ ಕಡೆಯ ಶಂಕ್ರವ್ವ. ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ ಮಾಡುತ್ತಾ ಒಬ್ಬರೇ ಇದ್ದರು. “ಸರ, ಮ್ಯಾಲೆ ನೀರಿನ ಟಾಕಿ ಬುಡಕ ಏನೋ ಬುಸ್ ಅನ್ನಾಕತ್ತೈತ್ರಿ. ಹಾವಿರಬೇಕು” ಎಂದರು ಆಕೆ. ನಂಜುಂಡಪ್ಪನವರ ಸಂಕಟವೇ ಬೇರೆ. “ಭಾನುವಾರ ನಮ್ ಮಗಳು ರೂಪನ್ನ ನೋಡಕ್ಕೆ ಗಂಡಿನ ಕಡೆಯವ್ರು ಬರ್ತಾವ್ರೆ ಸಾರ್. ನನ್ ಮಂಡಿನೋವಲ್ಲಿ ಏಣಿ ಹತ್ತಕ್ಕಾಗಲ್ಲ. ನೀವು ತಿಳ್ದೋರು, ಏನದು ಅಂತ ನೋಡಿ ಹೇಳ್ಬಿಡಿ” ಎಂದರು.

ಏಣಿ ಹತ್ತಿ ಟ್ಯಾಂಕಿನ ಕೆಳಗಿನ ಸಂದಿಗೆ ಇಣುಕಿದೆ. ಸೇಬನ್ನು ಹೋಳು ಮಾಡಿಟ್ಟಂಥ ಮೂರು ಬಿಳಿ ಮುಖಗಳು ಅತ್ತಿಂದಿತ್ತ ತೂಗುತ್ತ ನನ್ನನ್ನೇ ನೋಡಿ ಬುಸುಗುಟ್ಟಿದವು. ಕಣಜಗೂಬೆಯ ಮರಿಗಳು! ಜೀವಮಾನದಲ್ಲಿ ಮೊದಲ ಸಲ ಪುಸ್ತಕ ತೆರೆಯದೆ ನಾನೊಂದು ಅಪರೂಪದ ಹಕ್ಕಿಯನ್ನು ಗುರುತಿಸಿದ್ದೆ. ಕೂಗಿ ಹೇಳಬೇಕೆಂದು ಬಾಯಿ ತೆರೆದವನಿಗೆ ಕೆಳಗೆ ನಂಜುಂಡಪ್ಪನವರ ಮುಖ ಕಾಣಿಸಿತು. ಗೂಬೆ ಹೊಕ್ಕ ಮನೆಯನ್ನು ಖಾಲಿ ಮಾಡಿ ಬೀಗ ಹಾಕಬೇಕು ಎಂದು ನಂಬಿದವರು ಅವರು. ಹೆಸರು ಹೇಳಿದರೆ ಮರಿಗಳು ಬೀದಿಗೆ, ಶಂಕ್ರವ್ವ ಬೀದಿಗೆ, ರೂಪಾಳ ಮದುವೆಯ ಮಾತೂ ಬೀದಿಗೆ.

“ಏನ್ ಸಾರ್, ಹಾವಾ?”

“ಅಲ್ಲ, ಹಕ್ಕಿ ಮರಿ.”

“ಯಾವ ಹಕ್ಕಿ?”

“ಅದೂ... ಸರಿಯಾಗಿ ಗೊತ್ತಾಗ್ತಿಲ್ಲ.”

ಗೊತ್ತಿಲ್ಲದ ನೂರು ಹಕ್ಕಿಗಳಿಗೆ ಧಾರಾಳವಾಗಿ ಹೆಸರಿಟ್ಟಿದ್ದ ಮನುಷ್ಯ, ಗೊತ್ತಿದ್ದ ಒಂದೇ ಒಂದಕ್ಕೆ ಹೀಗೆಂದೆ! ನಾನು ಇಳಿಯುತ್ತಲೇ ಶಂಕ್ರವ್ವ ಸೆರಗು ಬಿಗಿದು ಏಣಿ ಹತ್ತಿ ನೋಡಿದರು. ಇಳಿದು ಬಂದು ನನ್ನ ಕಿವಿಯ ಹತ್ತಿರ, “ಗೂಗಿ ಅಲ್ಲೇನ್ರಿ ಸರ ಅದು?” ಎಂದರು. ನಾನು ಕೈ ಮುಗಿದೆ. ಅವರಿಗೆ ಅರ್ಥವಾಯಿತು. “ಬೆಳ್ಳನ ಪಕ್ಷಿ ಐತ್ರಿ ಯಜಮಾನ್ರ, ಭಾಳ ಚಂದ ಐತಿ!” ಎಂದು ಜೋರಾಗಿ ಕೂಗಿದರು.

“ಬಿಳೀದಾ? ಗರುಡ ಏನಾರ ಇರ್ಬೋದಾ ಸಾರ್?”

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಕೆಮ್ಮಿದೆ. ನಂಜುಂಡಪ್ಪನವರು ನಿಂತಲ್ಲಿಂದಲೇ ಟ್ಯಾಂಕಿಗೆ ಕೈ ಮುಗಿದರು.

ಅಲ್ಲಿಗೇ ಸುಮ್ಮನಿರಬಹುದಿತ್ತು. ಆದರೆ ಹೆಮ್ಮೆ ಎನ್ನುವುದು ಕೆಮ್ಮಿನಂತೆ, ತಡೆಯಲಾಗುವುದಿಲ್ಲ. ಇಂದಿರಮ್ಮನವರಿಗೆ ಫೋನು ಮಾಡಿ ವಿಳಾಸದ ಸಮೇತ ವರದಿ ಒಪ್ಪಿಸಿದೆ. ಗುಟ್ಟೆಂದು ಹೇಳಲು ಮರೆತೆ. ಭಾನುವಾರ ನಂಜುಂಡಪ್ಪನವರ ನಡುಮನೆಯಲ್ಲಿ ಗಂಡಿನ ಕಡೆಯವರು ಕೇಸರಿಬಾತು ತಿನ್ನುತ್ತಿದ್ದರು. ಮರ್ಯಾದಸ್ಥ ನೆರೆಯವನೆಂದು ನನಗೂ ಒಂದು ತಟ್ಟೆ ಸಿಕ್ಕಿತ್ತು. ಆಗ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ಇಂದಿರಮ್ಮನವರು ಬಾಗಿಲಲ್ಲಿ ನಿಂತು ಕೇಳಿದರು: “ಗೂಬೆ ಮರಿ ಇರೋ ಮನೆ ಇದೇ ಅಲ್ವಾ?”

ಚಮಚಗಳು ನಿಂತವು. ಅಡುಗೆಮನೆ ಬಾಗಿಲಲ್ಲಿದ್ದ ರೂಪಾಳ ಮುಖ ಬಿಳುಚಿಕೊಂಡಿತು. ನಂಜುಂಡಪ್ಪನವರು ನನ್ನತ್ತ ತಿರುಗಿ, “ಗೂಬೆನಾ?” ಎಂದರು. ನಾನು ಕೇಸರಿಬಾತಿನಲ್ಲಿ ದ್ರಾಕ್ಷಿ ಹುಡುಕತೊಡಗಿದೆ.

ಹುಡುಗನ ತಂದೆ ಚಿಕ್ಕಣ್ಣನವರು ಕನಕಪುರದ ಕಡೆ ರಾಗಿ ಮಿಲ್ಲು ಇಟ್ಟಿದ್ದವರು. ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟು, “ಮರಿನೂ ಇದಾವಾ? ನಮ್ ಮಿಲ್ಲಿಗೆ ಗೂಬೆ ಸೇರ್ಕೊಂಡ್ಮೇಲೇನೇ ಇಲಿ ಕಾಟ ನಿಂತಿದ್ದು. ಮರಿ ಮಾತ್ರ ನಾನು ನೋಡೇ ಇಲ್ಲ, ಎಲ್ಲಿ ತೋರ್ಸಿ” ಎಂದು ಪಂಚೆ ಎತ್ತಿ ಕಟ್ಟಿದರು. ಎಲ್ಲರೂ ಮೇಲೆ ಹೋದೆವು. ಹುಡುಗನೂ ರೂಪಾಳೂ ಸರದಿಯ ಮೇಲೆ ಏಣಿ ಹತ್ತಿದರು. ಮರಿಯೊಂದು ಹುಡುಗನಿಗೆ ಬುಸ್ಸೆಂದಾಗ ಅವನು ಎರಡು ಮೆಟ್ಟಿಲು ಜಾರಿದ. ರೂಪಾ ಬಾಯಿ ಮುಚ್ಚಿಕೊಂಡು ನಕ್ಕಳು, ಅವನೂ ನಕ್ಕ. ಸಂಬಂಧ ಕುದುರಿದ್ದು ಅಲ್ಲೇ ಎಂದು ನನ್ನ ಊಹೆ.

ಮರಿಗಳು ರೆಕ್ಕೆ ಬಲಿತು ಹಾರಿಹೋದವು, ಮದುವೆ ಸಾಂಗವಾಗಿ ನಡೆಯಿತು, ಶಂಕ್ರವ್ವ ಅದೇ ಮನೆಯಲ್ಲಿ ಉಳಿದರು. ಗೂಬೆ ಕೂರಿಸಲು ಎಲ್ಲರಿಗೂ ಸಿಕ್ಕಿದ್ದು ನನ್ನ ತಲೆ ಮಾತ್ರ. “ಪಾಪ, ಎದುರಿಗಿರೋ ಗೂಬೆನೇ ಗೊತ್ತಾಗ್ಲಿಲ್ಲ ಅವ್ರಿಗೆ” ಎಂದು ನಂಜುಂಡಪ್ಪನವರು ಕರುಣೆಯಿಂದ ಬೀದಿಗೆಲ್ಲ ಹೇಳಿದರು. ಜನ ಓತಿಕ್ಯಾತ ಹಿಡಿದು ಬರುವುದು ನಿಂತಿತು, ನನಗೂ ನೆಮ್ಮದಿಯಾಯಿತು. ಆಮೇಲೊಂದು ಬೆಳಿಗ್ಗೆ ನಾನು ಬೈನಾಕ್ಯುಲರ್ ಹಿಡಿದು ಹಾಯಾಗಿ ತಾರಸಿಯಲ್ಲಿ ನಿಂತಿದ್ದಾಗ ನಂಜುಂಡಪ್ಪನವರು ತಮ್ಮ ಅಂಗಳದಿಂದಲೇ ಕರೆಂಟು ತಂತಿಯತ್ತ ಬೆರಳು ಮಾಡಿ, ಮಗುವಿಗೆ ಹೇಳಿಕೊಡುವಂತೆ ನಿಧಾನವಾಗಿ ಕೂಗಿ ಹೇಳಿದರು:

“ಅದು ಕಾಗೆ ಸಾರ್. ಬರ್ಕೊಳಿ.”

ಬರೆದುಕೊಂಡೆ.