ಕಲ್ಲು ಹತ್ತಿಸುವ ವಿದ್ಯೆ

ಲಂಡನ್ನಿನ ಒಂದು ಮ್ಯೂಸಿಯಮ್ಮಿನಲ್ಲಿ ಈಜಿಪ್ಟ್ ವಿಭಾಗದ ಕಾವಲು ನನ್ನ ಕೆಲಸ. ಸುತ್ತ ಇರುವವರೆಲ್ಲ ಸತ್ತು ಸಾವಿರಾರು ವರ್ಷವಾದವರು, ಇಲ್ಲಿ ನಗುವುದಕ್ಕೇನಿದೆ ಅಂದುಕೊಂಡೇ ಸೇರಿದೆ. ಆದರೆ ನೋಡಲು ಬರುವವರು ಬದುಕಿರುವವರಲ್ಲವೇ.

೧

ಸೂಟು ತೊಟ್ಟ ಹಿರಿಯರೊಬ್ಬರು ಪ್ರತಿ ಮಂಗಳವಾರ ಬಂದು, ಪಿರಮಿಡ್ ಕಟ್ಟಿದ್ದು ಬೇರೆ ಗ್ರಹದವರು ಎಂದು ವಾದಿಸುತ್ತಿದ್ದರು. ನನ್ನ ಜೊತೆಗಿನ ಕಾವಲಿನ ಹೆಂಗಸು ಒಮ್ಮೆ ತಾಳ್ಮೆಯಿಂದ ವಿವರಿಸಿದರು: ಪಿರಮಿಡ್ಡಿನ ಪಕ್ಕದಲ್ಲೇ ಕೆಲಸಗಾರರ ಗೋರಿಗಳು ಸಿಕ್ಕಿವೆ, ಭಾರ ಹೊತ್ತು ಅವರ ಬೆನ್ನುಮೂಳೆ ಸವೆದಿದೆ. ಆ ಹಿರಿಯರು ಗಂಭೀರವಾಗಿ ಯೋಚಿಸಿ, ಅಷ್ಟು ದೂರದಿಂದ ಕೂತೇ ಬಂದರೆ ಬೆನ್ನು ಹೋಗದೆ ಇರುತ್ತದೆಯೇ ಎಂದರು.

೨

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಹೌನ್ಸ್ಲೋದ ನಮ್ಮ ಫ್ಲ್ಯಾಟಿಗೆ ಕರೆತಂದೆ. ಕುಂದಾಪುರದ ಕಡೆ ಕಲ್ಲುಕೋರೆಯಲ್ಲಿ ದುಡಿದವರು. ಬಂದಮೇಲೆ ಹೂಂ, ಉಹೂಂ ಬಿಟ್ಟರೆ ಮಾತಿಲ್ಲ. ಒಂದು ದಿನ ಮ್ಯೂಸಿಯಮ್ಮಿಗೆ ಕರೆದೊಯ್ದೆ.

ಅಲ್ಲೊಂದು ಹಳೆಯ ಚಿತ್ರದ ಪ್ರತಿಯಿದೆ. ಚಕ್ರವಿಲ್ಲದ ಬಂಡಿಯ ಮೇಲೆ ಭಾರೀ ವಿಗ್ರಹ. ಜನ ಹಗ್ಗ ಹಿಡಿದು ಎಳೆಯುತ್ತಿದ್ದಾರೆ. ಮುಂದೆ ಒಬ್ಬ ನೆಲಕ್ಕೆ ನೀರು ಹೊಯ್ಯುತ್ತಿದ್ದಾನೆ. ಅದು ಪೂಜೆ ಇರಬಹುದು ಎಂದು ಟೀಚರೊಬ್ಬರು ಮಕ್ಕಳಿಗೆ ಹೇಳುತ್ತಿದ್ದರು. ನಾನು ಅದನ್ನು ಅಪ್ಪನಿಗೆ ಹೇಳಿದೆ.

"ಪೂಜೆ ಅಲ್ಲ," ಎಂದರು ಅಪ್ಪ. "ಒಣ ಮರಳ್ ಬಂಡಿ ಮುಂದೆ ಗುಡ್ಡೆ ಆತ್ತ್. ಒದ್ದೆ ಇದ್ರೆ ಜಾರತ್ತ್."

ಇಂಗ್ಲಿಷಿಗೆ ತಿರುಗಿಸಿದೆ. ಇವರು ಓದಿದ್ದು ಯಾವ ಯೂನಿವರ್ಸಿಟಿಯಲ್ಲಿ ಎಂದು ಟೀಚರು ಗೌರವದಿಂದ ಕೇಳಿದರು. ಅಪ್ಪ ಎರಡು ಬೆರಳಿಲ್ಲದ ಕೈಯನ್ನು ಎತ್ತಿ ತೋರಿಸಿದರು.

"ಫೀಲ್ಡ್ ವರ್ಕ್," ಎಂದೆ ನಾನು.

೩

ಮರುವಾರ ನಮ್ಮ ಹೊಸ ವಾಷಿಂಗ್ ಮಶೀನ್ ಬಂತು. ಲಿಫ್ಟ್ ಕೆಟ್ಟಿತ್ತು. ತಂದವರು ಅದನ್ನು ಮೆಟ್ಟಿಲ ಬುಡದಲ್ಲೇ ಇಳಿಸಿ ಹೋದರು. ಅಪ್ಪ ಕೆಳಗೆ ಬಂದು ಅದರ ಸುತ್ತ ಒಂದು ಸುತ್ತು ಹಾಕಿದರು. ನೆರೆಯ ಪಂಜಾಬಿ ದಂಪತಿಯನ್ನೂ ಪೋಲೆಂಡಿನ ಬಡಗಿಯನ್ನೂ ಸನ್ನೆಯಲ್ಲೇ ಕರೆದು, ಬಡಗಿಯ ಹಲಗೆಗಳನ್ನು ಮೆಟ್ಟಿಲ ಮೇಲೆ ಹಾಸಿ, ಸೋಪಿನ ನೀರು ಹೊಯ್ದು, ಹಗ್ಗ ಕಟ್ಟಿಸಿದರು. ಆಮೇಲೆ ಮೇಲೆ ನಿಂತು "ಐಲೇಸಾ" ಎಂದು ಕೂಗಿದರು. ಎಷ್ಟೋ ತಿಂಗಳ ಮೇಲೆ ಕೇಳಿದ ಆ ಗಟ್ಟಿ ದನಿಗೆ, ಕೆಳಗಿನಿಂದ ಮಶೀನ್ ದೂಡುತ್ತಿದ್ದ ನನಗೆ ಕಣ್ಣು ತುಂಬಿ ಏನೂ ಕಾಣಲಿಲ್ಲ. ಎಲ್ಲರೂ ಐಲೇಸಾ ಎನ್ನತೊಡಗಿದರು. ಯಾರಿಗೂ ನಿಲ್ಲಿಸುವ ಮನಸ್ಸಿರಲಿಲ್ಲ.

ಕೊನೆಗೆ ಮಶೀನ್ ನಿಂತ ಬಾಗಿಲು ತೆರೆದು ಅಪರಿಚಿತ ಅಜ್ಜಿಯೊಬ್ಬರು ನೋಡಿದರು. ನಮ್ಮದು ಎರಡನೇ ಮಹಡಿ. ಇದು ಮೂರನೆಯದು.

ಈಗ ಇಳಿಸುವುದು ಹೇಗಪ್ಪಾ ಎಂದೆ.

ಅಪ್ಪ ಬೆವರು ಒರೆಸಿಕೊಂಡರು. "ಹತ್ಸುಕೆ ಮಾತ್ರ ನಂಗೊತ್ತಿತ್ ಮಗಾ. ಇಳ್ಸುಕೆ ಗೊತ್ತಿದ್ರೆ ಈಜಿಪ್ಟಿನವ್ರು ಅಷ್ಟೆಲ್ಲ ಕಲ್ಲ್ ಮೇಲೇ ಬಿಟ್ಟ್ ಹೋತಿದ್ರಾ?"